ಹಳೇ ಕಬ್ಬಿಣ, ಸಾವಿರದ ನೂರು ಕಿಲೋ

ತಾರೀಖು ೨೩, ಸೋಮವಾರ ಬೆಳಗ್ಗೆ

ತಮ್ಮನಿಗೆ,

ಪ್ರತಿ ಪತ್ರದ ಮೊದಲ ಸಾಲಿನಲ್ಲಿ ಬರುವ ಆಶೀರ್ವಾದವನ್ನು ಈ ಸಲ ತಡೆಹಿಡಿದಿದ್ದೇನೆ.

ಇದೇ ತಿಂಗಳ ಒಂಬತ್ತನೇ ತಾರೀಖು, ಸೋಮವಾರ ಬೆಳಗ್ಗೆ ಹತ್ತೂವರೆಗೆ, ಇಲ್ಲಿಂದ ಒಂಬೈನೂರು ಕಿಲೋಮೀಟರ್ ದೂರದ ಸರಕು ಡಿಪೋ ಒಂದರ ಹಿಂದಿನ ಅಂಗಳದಲ್ಲಿ ಇಬ್ಬರು ಕೂಲಿಯಾಳುಗಳು ದೊಡ್ಡ ಸುತ್ತಿಗೆ ಹಿಡಿದು ಅಪ್ಪನ ಲೇತನ್ನು, ಕಬ್ಬಿಣ ಕಡೆಯುವ ಆ ಯಂತ್ರವನ್ನು, ಒಡೆದರು. ಬೀಡು ಕಬ್ಬಿಣ ಬಗ್ಗುವುದಿಲ್ಲ, ಬಿರುಕು ಬಿಡುತ್ತದೆ. ಆರನೇ ಏಟಿಗೆ ಲೇತನ್ನು ಹೊರುವ ಬೆಡ್ಡು ಎರಡು ಹೋಳಾಯಿತಂತೆ. ಲಾರಿ ಮಗುಚಲಿಲ್ಲ. ಯಾವ ಅಪಘಾತವೂ ಆಗಲಿಲ್ಲ. ನೀನು ಅತ್ತೆಗೆ, ಚಿಕ್ಕಪ್ಪನಿಗೆ, ಮೇಸ್ತ್ರಿಗೆ, ನನಗೆ ಒಬ್ಬೊಬ್ಬರಿಗೂ ಫೋನು ಮಾಡಿ, ಲಾರಿ ಮಗುಚಿ ಲೇತು ಹೋಯಿತು ಅಂತ ಹೇಳಿದ ಕಥೆ ಹಸಿ ಸುಳ್ಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬಳಗ ನಮ್ಮದು. ಎಲ್ಲರೂ ನಂಬಿದರು. ಅತ್ತೆ ಎರಡು ದಿನ ಊಟ ಬಿಟ್ಟರು.

ನಾನು ನಂಬಲಿಲ್ಲ. ಮಗುಚಿದ ಲಾರಿಗೆ ಒಂದು ನಂಬರು ಇರಬೇಕು, ಒಂದು ದೂರು ದಾಖಲಾಗಿರಬೇಕು. ನೀನು ಎರಡನ್ನೂ ಕೊಡಲಿಲ್ಲ. ಮೂವತ್ತೊಂದು ವರ್ಷ ದಾಖಲೆ ಕಚೇರಿಯಲ್ಲಿ ಕೂತವಳು ನಾನು. "ಕಾಗದ ಇಲ್ಲದೆ ನಮ್ಮಕ್ಕ ಸೂರ್ಯೋದಯಾನೂ ಒಪ್ಪಲ್ಲ" ಅಂತ ನೀನೇ ಊರೆಲ್ಲ ನಗಿಸುತ್ತಿದ್ದೆ. ಹಾಗಾಗಿ ಹದಿನಾಲ್ಕನೇ ತಾರೀಖು ಬಸ್ಸು ಹತ್ತಿದೆ. ಮೊಣಕಾಲು ನೋವು ಅಂತ ಅಂದುಕೊಂಡಿದ್ದೆಯಲ್ಲ, ಮುದುಕಿ ಮನೆ ಬಿಟ್ಟು ಕದಲುವುದಿಲ್ಲ ಅಂತ? ಕದಲಿದೆ.

ಮೊದಲಿನಿಂದ ಹೇಳುತ್ತೇನೆ. ಮರೆವು ನಿನಗೆ ಬೇಕಾದಾಗ ಬರುವ ಕಾಯಿಲೆ, ನನಗಿಲ್ಲ.

ಅಪ್ಪನ ಬಳಿ ಕೆಲಸ ಕಲಿತವರಲ್ಲಿ ಕೊನೆಯವನು ಮೇಸ್ತ್ರಿ. ತೊಡೆಯಿಂದ ಕೆಳಗೆ ಒಂದು ಕಾಲಿಲ್ಲದ್ದಕ್ಕೆ ತನ್ನನ್ನು ತಾನೇ "ಮುಕ್ಕಾಲು ಮೇಸ್ತ್ರಿ" ಅಂತ ಕರೆದುಕೊಂಡವನು. ಅವನ ಮೊದಲ ಕಬ್ಬಿಣದ ಮಂಡಿಯನ್ನು ಅಪ್ಪ ಅದೇ ಲೇತಿನಲ್ಲಿ ಕಡೆದದ್ದು. ಈಗ ಅವನು ಸಾವಿರದ ನಾನೂರು ಕಿಲೋಮೀಟರ್ ಆಚೆ ಕಾಲು ಕಳೆದುಕೊಂಡವರಿಗೆ ಮಂಡಿ ಮಾಡಿಕೊಡುವ ಕಾರ್ಖಾನೆ ನಡೆಸುತ್ತಾನೆ. ಅವನ ಸಣ್ಣ ಲೇತು ಸವೆದು ಅಳತೆ ತಪ್ಪುತ್ತಿತ್ತು. ಮಂಡಿಯ ಕೀಲನ್ನು ಹೊರಗೆ ಕೊಟ್ಟು ಮಾಡಿಸಿದರೆ ಎರಡೆರಡು ತಿಂಗಳು. "ಅಕ್ಕಾ, ಯಜಮಾನರ ಲೇತು ಶೆಡ್ಡಲ್ಲಿ ಸುಮ್ನೆ ನಿಂತಿದ್ಯಲ್ಲ. ಅದರ ಸದ್ದು ಕೇಳಿದ್ರೇ ಎಲ್ಲಿ ನೋವಿದೆ ಅಂತ ಹೇಳ್ತೀನಿ, ನಂಗೆ ಕೊಡಿ" ಅಂತ ಕೇಳಿದ. ಕೊಟ್ಟೆವು. ಇಬ್ಬರೂ ಸೇರಿ ಕೊಟ್ಟೆವು. ಅಲ್ಲಿಯವರೆಗೆ ನೀನು ನನ್ನ ತಮ್ಮನೇ.

ಆಮೇಲೆ ಸಾಗಣೆಯ ಮಾತು ಬಂತು. ನಾನು ಹದಿನೇಳು ಕಡೆ ವಿಚಾರಿಸಿದೆ. ಇಡೀ ಲಾರಿ ಹಿಡಿದರೆ ಬಾಡಿಗೆ ಲೇತಿನ ಬೆಲೆಯನ್ನೇ ಮೀರುತ್ತಿತ್ತು, ಮೂಗಿಗಿಂತ ಮೂಗುತಿ ಭಾರ. ರೈಲಿನವರು ಇಷ್ಟು ಭಾರದ ಒಂಟಿ ಸರಕನ್ನು ಆ ಸ್ಟೇಷನ್ನಿನಲ್ಲಿ ಇಳಿಸಲು ಕ್ರೇನಿಲ್ಲ ಅಂದರು. ಬೇರೆಯವರ ಸರಕಿನ ಜೊತೆ ಕಳಿಸುವವರು ಮರದ ಚೌಕಟ್ಟು ಕಟ್ಟಿಸಿ, ಎರಡೂ ಕಡೆ ಕ್ರೇನು ನೀವೇ ತನ್ನಿ, ವಿಮೆ ಮಾಡಿಸಿ ಅಂದರು. ಬಾಡಿಗೆ ದುಬಾರಿಯಾದರೂ ಅದು ನಿಯತ್ತಿನ ದಾರಿ. ನಾನು ಅದನ್ನೇ ಆರಿಸಿ, ಹಾಳೆಯಲ್ಲಿ ಎಲ್ಲವನ್ನೂ ಬರೆದು ನಿನ್ನ ಮುಂದಿಟ್ಟೆ. ನೀನು ಹಾಳೆಯನ್ನು ಮಡಚಿ ಅದರ ಮೇಲೆ ಟೀ ಲೋಟ ಇಟ್ಟೆ. "ಅರ್ಜಿಯಕ್ಕ, ನೀನು ಲೇತು ಕಳಿಸ್ತೀಯೋ, ಲೇತಿನ ಚರಿತ್ರೆ ಬರೀತೀಯೋ? ಬಿಡು, ಅರ್ಧ ಬಾಡಿಗೆಗೆ ಮೇಸ್ತ್ರಿ ಬಾಗಿಲಿಗೆ ಇಳಿಸಿಸ್ತೀನಿ. ದುಡ್ಡು ಉಳೀತು, ಹೆಸರೂ ಬಂತು."

ಅರ್ಧ ಬಾಡಿಗೆ ಹೇಗಾಯಿತು ಅನ್ನುವುದು ಈಗ ಗೊತ್ತಾಗಿದೆ. ಮೇಸ್ತ್ರಿಯ ಊರಿನ ಹತ್ತಿರ ಕಬ್ಬಿಣ ಕರಗಿಸುವ ಕುಲುಮೆಗಳಿವೆ. ಅತ್ತ ಗುಜರಿ ಹೊತ್ತು ಹೋಗುವ ಲಾರಿಗಳಿಗೆ ಬಾಡಿಗೆ ಅಗ್ಗ, ಚೌಕಟ್ಟು ಬೇಡ, ವಿಮೆ ಬೇಡ, ಯಂತ್ರದ ಕಾಗದಪತ್ರ ಬೇಡ. ನೀನು ದಲ್ಲಾಳಿಯನ್ನು ಹಿಡಿದು, ಸರಕು ಚೀಟಿಯಲ್ಲಿ 'ಹಳೇ ಕಬ್ಬಿಣ, ಗುಜರಿ, ೧೧೦೦ ಕಿಲೋ' ಎಂದು ಬರೆಸಿದೆ. ಪಡೆಯುವವರು ಅನ್ನುವ ಕಡೆ ಮೇಸ್ತ್ರಿಯ ಹೆಸರಿಲ್ಲ, 'ಸ್ವಂತ' ಎಂದಿದೆ, ಕೆಳಗೆ ನಿನ್ನ ಫೋನ್ ನಂಬರು. ಲೇತನ್ನು ಎಲ್ಲಿ ಇಳಿಸಬೇಕು, ಹೇಗೆ ಇಳಿಸಬೇಕು ಎಂಬುದನ್ನೆಲ್ಲ ಡ್ರೈವರನ ಕಿವಿಯಲ್ಲಿ ಹೇಳಿದೆ.

ಹೋದ ತಿಂಗಳ ಇಪ್ಪತ್ತಾರನೇ ತಾರೀಖು ಅದು ನಮ್ಮ ಶೆಡ್ಡಿನಿಂದ ಹೊರಟಿತು. ಚೀಟಿಗೆ ಕಳಿಸುವವರ ಸಹಿ ನನ್ನದು. ನೀನು ಲಾರಿಯ ಬಾನೆಟ್ಟಿನ ಮೇಲೆ ಚೀಟಿಯಿಟ್ಟು, "ಬೇಗ ಹಾಕಕ್ಕ, ಕ್ರೇನಿನವನು ಗಂಟೆ ಲೆಕ್ಕದಲ್ಲಿ ಬಂದಿದಾನೆ" ಅಂದೆ. ನನ್ನ ಕನ್ನಡಕ ಒಳಗೆ ಮೇಜಿನ ಮೇಲಿತ್ತು. ಸಹಿ ಹಾಕಿದೆ.

ಎರಡನೇ ದಿನ ಲಾರಿಯ ಎಂಜಿನ್ ಕೆಟ್ಟಿತು. ಸರಕನ್ನೆಲ್ಲ ಆ ಡಿಪೋದಲ್ಲಿ ಇಳಿಸಿದರು. ಮುಂದಕ್ಕೆ ಒಯ್ಯಲು ಬೇರೆ ಲಾರಿ, ಬೇರೆ ಡ್ರೈವರು ಬರಬೇಕಿತ್ತು. ಕಿವಿಯಲ್ಲಿ ಹೇಳಿದ ಮಾತು ಹಳೇ ಡ್ರೈವರನ ಜೊತೆ ಮನೆಗೆ ಹೋಯಿತು, ಚೀಟಿ ಮಾತ್ರ ಲೇತಿನ ಜೊತೆ ಉಳಿಯಿತು.

ಡಿಪೋ ಮ್ಯಾನೇಜರು ದಡೂತಿ ಆಸಾಮಿ, ಮಾತು ಮೆತ್ತಗೆ. ತಗಡಿನ ಚಾವಣಿಯ ಕೆಳಗೆ ಅವನ ಮೇಜು, ಮೇಜಿಗೆ ಒಂದು ಕಾಲು ಗಿಡ್ಡ, ಅದಕ್ಕೆ ಹಲ್ಲು ಸವೆದ ಗೇರ್ ಚಕ್ರವನ್ನು ಒತ್ತಾಗಿ ಕೊಟ್ಟಿದ್ದಾನೆ. ನಾನು ಲೇತಿನ ಫೋಟೋ ತೋರಿಸಿದಾಗ ಅವನ ಮುಖ ಇಳಿಯಿತು. "ಅಯ್ಯೋ ಅಮ್ಮಾ, ಇದಾ? ನಮ್ ಹುಡುಗ್ರು ಅವತ್ತೇ ಅಂದ್ರು, ಸಾರ್, ಗುಜರಿ ಅಂತಿದೆ, ಆದ್ರೆ ಎಣ್ಣೆ ಹಾಕಿ ಒರೆಸಿಟ್ಟಂಗಿದೆ ಅಂತ. ಅದಕ್ಕೇ ನಾನು ಫೋನ್ ಮಾಡ್ದೆ." ಪುಸ್ತಕ ತೆಗೆದು ತೋರಿಸಿದ. ಮೂವತ್ತನೇ ತಾರೀಖು, ಮಧ್ಯಾಹ್ನ ಮೂರು ಹತ್ತು, ನಿನ್ನ ನಂಬರು. ಇದು ಮಷೀನಾ, ಗುಜರಿಯಾ ಅಂತ ಅವನು ಕೇಳಿದ್ದಾನೆ. ಮಷೀನು ಅಂದರೆ ಬಾಡಿಗೆಯ ವ್ಯತ್ಯಾಸ ತೆರಬೇಕಾಗುತ್ತಿತ್ತು, ಮೇಲೆ ದಂಡ. ನೀನು ಹೇಳಿದ್ದನ್ನು ಆ ಪುಣ್ಯಾತ್ಮ ಚಾಚೂ ತಪ್ಪದೆ ಬರೆದಿಟ್ಟಿದ್ದಾನೆ: "ಗುಜರಿ ತಾನೇ, ಒಂದ್ ಮೂಲೇಲಿ ಬಿಸಾಕಿರಿ, ಆಮೇಲೆ ನೋಡೋಣ."

ಬಿಸಾಕಿದರು. ಏಳು ದಿನ ಯಾರೂ ಕೇಳದ ಗುಜರಿಯನ್ನು ಒಡೆದು ಕುಲುಮೆಗೆ ಹೋಗುವ ರಾಶಿಗೆ ಸೇರಿಸುವುದು ಅಲ್ಲಿಯ ನಿಯಮ, ಗೋಡೆಯ ಮೇಲೆ ದಪ್ಪಕ್ಷರದಲ್ಲಿದೆ. ಎಂಟನೆಯ ದಿನ ಭಾನುವಾರ, ರಜೆ. ಒಂಬತ್ತನೇ ತಾರೀಖು ಸುತ್ತಿಗೆ ಬಂತು. ಅದರ ಸುದ್ದಿ ತಿಳಿದ ಮೇಲೆ ತಾನೇ ನಿನ್ನ ಲಾರಿ ಮಗುಚಿದ್ದು?

ನಾನು ಕೂಗಾಡಿದೆ. ಮ್ಯಾನೇಜರು ನನಗೆ ಕುರ್ಚಿ ಎಳೆದು ಕೊಟ್ಟು, "ಅಮ್ಮಾ, ಕಾಗದ ಏನು ಹೇಳುತ್ತೋ ನಾವು ಅದನ್ನೇ ನಂಬೋದು" ಅಂದ. ನಾನು ಕೂತೆ. ಮೂವತ್ತೊಂದು ವರ್ಷ ಕಿಟಕಿಯ ಈಚೆ ಕೂತು, ಆಚೆ ನಿಂತ ಎಷ್ಟು ಜನಕ್ಕೆ ಇದೇ ಮಾತು ಹೇಳಿದ್ದೇನೋ.

ರಾಶಿಯಲ್ಲಿ ಹುಡುಕಲು ಬಿಟ್ಟರು. ಹೆಚ್ಚಿನದು ಆಗಲೇ ಕುಲುಮೆಗೆ ಹೋಗಿತ್ತು. ಸಿಕ್ಕಿದ್ದು ಅಂಗೈ ಅಗಲದ ಹಿಡಿಚಕ್ರವೊಂದೇ, ಅಪ್ಪನ ಹೆಬ್ಬೆರಳು ಕೂರುತ್ತಿದ್ದ ಕಡೆ ಗುಳಿ ಬಿದ್ದ ಅದೇ ಚಕ್ರ. ಸೀರೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ತಮಾಷೆ ನೋಡು, ಇದರ ಸಾಗಣೆ ಪುಕ್ಕಟೆಯಾಯಿತು.

ಅಲ್ಲಿಂದ ಮೇಸ್ತ್ರಿಯ ಕಾರ್ಖಾನೆಗೆ ಹೋದೆ. ಇಲ್ಲಿಯವರೆಗಿನದನ್ನು ಸಿಟ್ಟಿನಲ್ಲಿ ಬರೆದೆ. ಇನ್ನು ಮುಂದಿನದಕ್ಕೆ ಸಿಟ್ಟೂ ಸಾಲದು. ಲೇತಿಗಾಗಿ ಅವನು ಹೊಸ ಕೋಣೆ ಕಟ್ಟಿಸಿದ್ದಾನೆ. ನಾನು ಕಳಿಸಿದ ಅಳತೆಗೆ ಸರಿಯಾಗಿ ನೆಲಕ್ಕೆ ಕಾಂಕ್ರೀಟು ಹಾಕಿ ನಾಲ್ಕು ಬೋಲ್ಟು ನಿಲ್ಲಿಸಿದ್ದಾನೆ. ಬೋಲ್ಟುಗಳು ಗೇಣುದ್ದ ಮೇಲೆದ್ದು ನಿಂತಿವೆ, ಮೇಲೆ ಏನೂ ಇಲ್ಲ. ಅಲ್ಲಿ ಓಡಾಡುವವರೆಲ್ಲ ಮಾಡಿಸಿಕೊಂಡ ಕಾಲಿನವರು, ಎಡವಿದರೆ ಏಳುವುದು ಕಷ್ಟ. ಅದಕ್ಕೆ ನಾಲ್ಕೂ ಬೋಲ್ಟಿಗೆ ಖಾಲಿ ಬಣ್ಣದ ಡಬ್ಬಿ ಬೋರಲು ಹಾಕಿದ್ದಾನೆ.

ಕಿಟಕಿಯ ಪಕ್ಕದ ಬೆಂಚಿನ ಮೇಲೆ ಒಬ್ಬ ದರ್ಜಿ ಹೆಂಗಸು ಕೂತಿದ್ದಳು. ಹೊಲಿಗೆ ಯಂತ್ರ ತುಳಿಯಲು ಆಕೆಗೆ ಮಂಡಿ ಬೇಕು. ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದು, ಹಿಂದೆ ಇನ್ನೂ ಹನ್ನೆರಡು. "ಮೇಸ್ತ್ರಿ, ಲಾರಿ ಬಂತಾ?" ಅಂತ ನನ್ನೆದುರೇ ಕೇಳಿದಳು. ಮೇಸ್ತ್ರಿ, "ಬರುತ್ತಮ್ಮ, ಅದೂ ಪಾಪ ನಮ್ ಥರಾನೇ ಕುಂಟ್ತಾ ಬರ್ತಿದೆ" ಅಂದ. ಆಕೆ ನಕ್ಕಳು. ಅಪಘಾತದ ಸುದ್ದಿಯನ್ನು ಆಕೆಗೆ ಹೇಳುವ ಧೈರ್ಯ ಅವನಿಗೆ ಬಂದಿರಲಿಲ್ಲ.

ನಾನು ನಿಜ ಹೇಳಿ ಹಿಡಿಚಕ್ರವನ್ನು ಅವನ ಕೈಗಿಟ್ಟೆ. ಅವನು ಬೈಯಲಿಲ್ಲ. ಚಕ್ರದ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು ನೋಡಿದ. "ಅಕ್ಕಾ, ಬೆಡ್ಡಾದ್ರೂ ಉಳೀತಾ?" ಅಂತ ಒಂದೇ ಸಲ ಕೇಳಿದ. ಇಲ್ಲ ಅಂದೆ. ಚಕ್ರವನ್ನು ಅಂಗಿಯ ತುದಿಯಿಂದ ಒರೆಸುತ್ತಾ, "ಸಣ್ಣ ಯಜಮಾನ್ರಿಗೆ ಏನೂ ಅನ್ಬೇಡಿ, ನಮಗೆ ಉಳಿಸೋಕೆ ಹೋಗಿ ಹಂಗಾಯ್ತು" ಅಂದ. ಆ ಮಾತು ನಿನ್ನನ್ನು ಸುಡಲಿ ಅಂತಲೇ ಇಲ್ಲಿ ಬರೆದಿದ್ದೇನೆ.

ನೆನಪಿದೆಯಾ, ನಿನಗೆ ಹನ್ನೆರಡು ವರ್ಷ. ಹಳೇ ಪೇಪರಿನ ಕಟ್ಟಿನೊಳಗೆ ಇಟ್ಟಿಗೆ ಇಟ್ಟು ಗುಜರಿಯವನಿಗೆ ತೂಕ ಮಾಡಿಸಿದ್ದೆ. ಅಪ್ಪ ಹೊಡೆಯಲಿಲ್ಲ. ಮೂರು ಬೀದಿ ನಡೆಸಿಕೊಂಡು ಹೋಗಿ, ಗುಜರಿ ಅಂಗಡಿಯ ಮುಂದೆ ಜನ ನಿಂತಿದ್ದಾಗ, "ಏನು ಮಾಡ್ದೆ, ಗಟ್ಟಿಯಾಗಿ ಹೇಳು" ಅಂದರು. ಹೇಳಿದೆ. ಬರುವಾಗ ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು, ಹನ್ನೆರಡು ವರ್ಷದ ಎಮ್ಮೆಯನ್ನು. ಅವತ್ತು ಕಾಗದವನ್ನು ಭಾರ ಮಾಡಲು ಸುಳ್ಳು ಹೇಳಿದ್ದೆ. ಈಗ ಅಪ್ಪನ ಲೇತನ್ನೇ ಹಗುರ ಮಾಡಲು ಹೇಳಿದೆ. ಹೆಗಲು ಕೊಡಲು ಅವರಿಲ್ಲ.

ಬರುವ ಭಾನುವಾರ, ಇಪ್ಪತ್ತೊಂಬತ್ತನೇ ತಾರೀಖು, ಆ ಕೋಣೆಗೆ ಅಪ್ಪನ ಹೆಸರಿಡುತ್ತಾರೆ. ಮೇಸ್ತ್ರಿ ಅದನ್ನು ನಿಲ್ಲಿಸಿಲ್ಲ. ಆಮಂತ್ರಣದಲ್ಲಿ ಮುಖ್ಯ ಅತಿಥಿ ನೀನು. ಬಳಗದವರೆಲ್ಲ ಬರುತ್ತಾರೆ. ಅತ್ತೆ ಈಗಾಗಲೇ ಟಿಕೆಟ್ ಮಾಡಿಸಿದ್ದಾರೆ. ಪಟ್ಟಿಯಲ್ಲಿರುವ ಹದಿಮೂರು ಜನವೂ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಮೈಕು ನಿನ್ನ ಕೈಗೆ ಬಂದಾಗ ವಿಧಿ, ಗ್ರಹಚಾರ, ಕೆಟ್ಟ ರಸ್ತೆ ಅನ್ನಬೇಡ. ಚೀಟಿಯಲ್ಲಿ ಏನು ಬರೆಸಿದೆ, ಮೂವತ್ತನೇ ತಾರೀಖು ಮಧ್ಯಾಹ್ನ ಫೋನಿನಲ್ಲಿ ಏನು ಹೇಳಿದೆ, ಈ ಎರಡನ್ನು ಹೇಳು. ಹೊಸ ಲೇತು ಹೇಗೆ ತರುತ್ತೀಯ ಅನ್ನುವುದನ್ನು ಅದರ ನಂತರ ಹೇಳು, ಮೊದಲಲ್ಲ.

ನೀನು ನನ್ನ ಫೋನು ಎತ್ತುತ್ತಿಲ್ಲ. ಅದಕ್ಕೇ ಈ ಪತ್ರ, ರಿಜಿಸ್ಟರು ಮಾಡಿದ್ದು. ಚೀಟಿಯ ನಕಲು, ಡಿಪೋ ಪುಸ್ತಕದ ಪುಟದ ನಕಲು ಜೊತೆಗಿವೆ.

ಇನ್ನೂ ನಿನ್ನ ಅಕ್ಕನೇ ಆಗಿರುವ,
ಅರ್ಜಿಯಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಕಡೆ ಕನ್ನಡಕ ಒಳಗಿತ್ತು ಅಂತ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಬಹುದಿತ್ತು. ಹೊಡೆದುಹಾಕಿಲ್ಲ, ನೀನು ನೋಡಲಿ ಅಂತ. ಕನ್ನಡಕ ಕೊರಳಲ್ಲೇ ನೇತಾಡುತ್ತಿತ್ತು. ಹಾಕಿಕೊಂಡೆ, ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದೆ, 'ಗುಜರಿ' ಎಂಬಲ್ಲಿ ನನ್ನ ಪೆನ್ನು ನಿಂತಿತು. ನೀನು ಅದನ್ನು ನೋಡಿದೆ, ಇಬ್ಬರೂ ಮಾತಾಡಲಿಲ್ಲ. ಕಾಗದದ ಮೇಲಿನ ಒಂದು ಪದ ತಾನೇ, ಅರ್ಧ ಬಾಡಿಗೆ ಉಳಿಯುತ್ತದೆ ಅಂದುಕೊಂಡೆ. ಬದುಕಿಡೀ ಬೇರೆಯವರ ಕಾಗದದಲ್ಲಿ ಆ ಒಂದು ಪದವನ್ನು ಹುಡುಕಿ ಅರ್ಜಿ ವಾಪಸು ಕಳಿಸಿದವಳು ನಾನು. ಇದನ್ನು ಮೇಸ್ತ್ರಿಗೂ ಹೇಳಲಿಲ್ಲ. ಭಾನುವಾರ ಮೈಕು ಮೊದಲು ನನಗೆ ಕೊಡಲು ಹೇಳಿ ಕಳಿಸಿದ್ದೇನೆ. ಆ ಹದಿಮೂರು ಜನರ ಎದುರು ನನ್ನದನ್ನು ಹೇಳಿ ಮುಗಿಸಿ ಮೈಕನ್ನು ನಿನ್ನತ್ತ ಚಾಚುತ್ತೇನೆ. ಗಟ್ಟಿಯಾಗಿ ಹೇಳು.