ಮೇಲಿನ ಡೆಕ್ಕಿನಲ್ಲಿ ಮೂರು ಕುರ್ಚಿ

3 ಅಕ್ಟೋಬರ್ 1977, ಸೋಮವಾರ

ನಲ್ಲಿಯಲ್ಲಿ ನೀರು ಐದೂವರೆಗೆ ಬಂತು, ಆರಕ್ಕೆ ನಿಂತಿತು. ವಿಜಯನಗರಕ್ಕೆ ಬಂದು ಆರು ವರ್ಷವಾದರೂ ಇದೊಂದು ಸರಿಹೋಗಲಿಲ್ಲ. ಎರಡು ಕೊಡ, ಒಂದು ಬಕೆಟ್. ಒಬ್ಬಳಿಗೆ ಸಾಕು. ಅಭ್ಯಾಸಬಲದಿಂದ ಅವರ ಸ್ನಾನದ ಹಂಡೆಯನ್ನೂ ತುಂಬಿಸಿದ್ದೆ. ತುಂಬಿಸಿದ ಮೇಲೆ ನೆನಪಾಯಿತು. ಚೆಲ್ಲಲು ಮನಸ್ಸಾಗದೆ ಅದರಲ್ಲೇ ಪಾತ್ರೆ ತೊಳೆದೆ.

ಸ್ಕೂಲಿನಲ್ಲಿ ದಸರಾ ರಜೆಗೆ ಮುಂಚಿನ ಪರೀಕ್ಷೆ. ಆರನೇ ಕ್ಲಾಸಿನವಳೊಬ್ಬಳು ಲಂಗದ ಅಂಚಿನಲ್ಲಿ ಚೀಟಿ ಹೊಲಿದುಕೊಂಡು ಬಂದಿದ್ದಳು. ಕೇಳಿದರೆ ಇಲ್ಲ ಅಂದಳು. ಕಾಪಿಗಿಂತ ಆ ‘ಇಲ್ಲ’ಕ್ಕೆ ಕೋಪ ಬಂದು ನಾಲ್ಕು ಏಟು ಕೊಟ್ಟೆ. ಸ್ಟಾಫ್ ರೂಮಿನಲ್ಲಿ ಯಾರೋ ಅನ್ನುತ್ತಿದ್ದರು — “ಯಜಮಾನ್ರು ಹೋದ್ಮೇಲೆ ಹೆಡ್‌ಮಿಸ್ಟ್ರೆಸ್ ಇನ್ನೂ ಜೋರಾಗಿದಾರೆ ಕಣ್ರೀ.” ಅನ್ನಲಿ.

ಸಂಜೆ ಬಾಗಿಲ ಸಂದಿಯಲ್ಲಿ ಒಂದು ಕವರ್. ರಾಜಾಜಿನಗರದ ಯಾವುದೋ ಟ್ರಾವೆಲ್ಸ್. ‘ಶ್ರೀ ಸೋಮಲಿಂಗಪ್ಪನವರಿಗೆ. ತಮ್ಮ ಬೊಂಬಾಯಿ–ಗೋವಾ ಸ್ಟೀಮರ್ ಪ್ರವಾಸವು ನವೆಂಬರ್ 26ಕ್ಕೆ ನಿಶ್ಚಯವಾಗಿದೆ. ಮುಂಗಡ ಕಟ್ಟಿರುವ ವಿಶೇಷ ಸೌಲಭ್ಯಗಳ ಕೂಪನ್ನುಗಳನ್ನು ಆಫೀಸಿಗೆ ಬಂದು ಪಡೆಯಬೇಕಾಗಿ ವಿನಂತಿ.’

ಯಾವ ಸ್ಟೀಮರು? ಇವರು ಮುಂಗಡ ಕಟ್ಟಿದ್ದಾರೆಯೇ? ಪೇಪರಿನವನು ಮೂರು ಸಲ ಬಾಗಿಲು ಬಡಿಯದೆ ದುಡ್ಡು ಬಿಚ್ಚದ ಮನುಷ್ಯ. ನನಗೆ ಒಂದು ಮಾತು ಹೇಳಿಲ್ಲ.

ಎದೆನೋವು ಅಂದವರು ಆಸ್ಪತ್ರೆ ತಲುಪಲಿಲ್ಲ. ಇಂದಿಗೆ ಮೂವತ್ತೊಂದು ದಿನ.

5 ಅಕ್ಟೋಬರ್, ಬುಧವಾರ

ಅರ್ಧ ದಿನ ರಜೆ ಹಾಕಿ ಹೋದೆ. ಒಂದು ರೂಮಿನ ಆಫೀಸು. ಗೋಡೆಯ ಮೇಲೆ ಹಡಗಿನ ಕ್ಯಾಲೆಂಡರ್. ವೆಂಕಟಗಿರಿ ಅಂತ ನಡುವಯಸ್ಸಿನ ಗುಮಾಸ್ತ. ವಿಷಯ ಹೇಳಿದ ಕೂಡಲೇ ಎದ್ದು ನಿಂತರು.

“ಯಾವಾಗ ಮೇಡಂ? ಜೂನ್‌ನಲ್ಲಿ ಎಷ್ಟು ಚೆನ್ನಾಗಿದ್ರು ಸಾರ್...”

ಅದೆಲ್ಲ ಬೇಡವಾಗಿತ್ತು. ದುಡ್ಡು ವಾಪಸ್ ಕೊಡಿ ಅಂದೆ.

“ಟಿಕೆಟ್ಟಿಂದು ಸ್ವಲ್ಪ ಬರತ್ತೆ ಮೇಡಂ. ಎಕ್ಸ್‌ಟ್ರಾಗಳಿಗೆ ಕಟ್ಟಿರೋದು ಬರಲ್ಲ. ಮೇಲಿನ ಡೆಕ್ಕಲ್ಲಿ ಕುರ್ಚಿ, ವೆಜಿಟೇರಿಯನ್ ಊಟ, ಗೋವಾದಲ್ಲಿ ಸಂಜೆ ಲಾಂಚಲ್ಲಿ ಒಂದು ಸುತ್ತು, ಆಮೇಲೆ ಒಂದು ಫೋಟೋ. ನಾನೇ ಹೇಳಿದೆ, ಹಡಗು ಹತ್ತಿದ್ಮೇಲೂ ಕಟ್ಬಹುದು ಸಾರ್, ಈಗ್ಲೇ ಯಾಕೆ ಅಂತ. ಕೇಳ್ಲಿಲ್ಲ.”

“ಯಾಕಂತೆ?”

ವೆಂಕಟಗಿರಿ ಸ್ವಲ್ಪ ಹಿಂಜರಿದರು. “ಏನಿಲ್ಲ... ‘ಎಲ್ಲಾ ಕಟ್ಟಿಬಿಟ್ರೆ ನಮ್ಮ ಮನೆಯವರು ಬರಲ್ಲ ಅನ್ನಲ್ಲ. ಕಟ್ಟಿದ ದುಡ್ಡು ದಂಡ ಮಾಡೋ ಪೈಕಿ ಅಲ್ಲ ಅವರು’ ಅಂದ್ರು.”

ಇಪ್ಪತ್ತೊಂಬತ್ತು ವರ್ಷ ನನ್ನ ಜೊತೆ ಬಾಳಿ ನನ್ನ ಬಗ್ಗೆ ಕಲಿತದ್ದು ಇದು. ತಪ್ಪೇನೂ ಅಲ್ಲ.

ಕೂಪನ್ನು ಮೇಜಿನ ಮೇಲಿಟ್ಟರು. ಕುರ್ಚಿ 41, 42, 43. ಮೂರು ಊಟ. ಲಾಂಚಿಗೆ ಮೂರು.

“ಮೂರು ಯಾಕೆ? ನಾವಿಬ್ಬರೇ.”

“ನಿಮ್ಮ ಮಗಳು ಮೇಡಂ! ಬೊಂಬಾಯಲ್ಲಿ ಹತ್ಕೋತಾರಲ್ಲ. ಅವರ ಟಿಕೆಟ್ಟು, ಕೂಪನ್ನು ಜುಲೈನಲ್ಲೇ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿದೀವಿ. ಇವು ನಮ್ಮ ಕಡೆ ಪ್ರತಿ.” ಡ್ರಾಯರ್ ಎಳೆದು ಒಂದು ಇನ್‌ಲ್ಯಾಂಡ್ ಲೆಟರ್ ತೆಗೆದರು. “ಸಾರ್ ಕಾಗದ ನಮ್ಮ ಆಫೀಸ್ ಅಡ್ರೆಸ್ಸಿಗೇ ತರಿಸ್ಕೋತಿದ್ರು. ಇದು ಹೋದ ವಾರ ಬಂತು.”

ಅಕ್ಷರ ನೋಡಿದೆ. ನಾನೇ ಕೈ ಹಿಡಿದು ತಿದ್ದಿಸಿದ ಅಕ್ಷರ. ‘ಸ’ದ ಹೊಟ್ಟೆ ಈಗಲೂ ದಪ್ಪ.

ಬಸ್ಸಿಗೆ ಕಾಯದೆ ನಡೆದೇ ಬಂದೆ.

9 ಅಕ್ಟೋಬರ್, ಭಾನುವಾರ

ನಾಲ್ಕು ದಿನ ಕಾಗದ ದೇವರ ಗೂಡಿನಲ್ಲಿತ್ತು. ಬೇರೆಯವರ ಕಾಗದ ಒಡೆಯುವುದು ನನ್ನ ಜಾಯಮಾನವಲ್ಲ. ಆದರೆ ಬೇರೆಯವರು ಈಗ ಎಲ್ಲಿದ್ದಾರೆ?

ಇಲ್ಲಿಯವರೆಗೆ ಈ ಪುಸ್ತಕದಲ್ಲೂ ಅವಳ ಹೆಸರು ಬರೆದಿರಲಿಲ್ಲ. ಬಸವರಾಜೇಶ್ವರಿ. ನನ್ನ ಮಗಳು. ಒಬ್ಬಳೇ. ಎಪ್ಪತ್ತನೇ ಇಸವಿಯಲ್ಲಿ ತನ್ನ ಆಫೀಸಿನ ಶ್ಯಾಮಸುಂದರ ಅನ್ನುವ ಬ್ರಾಹ್ಮಣರ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿ ಹಾರ ಹಾಕಿಕೊಂಡೇ ಬಾಗಿಲಿಗೆ ಬಂದಳು. ‘ನಾನು ಇರೋ ತನಕ ನೀನು ನನ್ನ ಮನೆ ಹೊಸ್ತಿಲು ತುಳಿಯಕೂಡದು’ ಅಂದೆ. ಅವರು ಪಕ್ಕದಲ್ಲಿ ನಿಂತಿದ್ದರು. ಒಂದು ಮಾತೂ ಆಡಲಿಲ್ಲ. ಒಪ್ಪಿದ್ದಾರೆ ಅಂತಲೇ ತಿಳಿದಿದ್ದೆ, ಏಳು ವರ್ಷ.

ಮಧ್ಯಾಹ್ನ ಒಡೆದೆ.

‘ಅಪ್ಪಾಜಿ, ಆಗಸ್ಟಿನಿಂದ ನಿಮ್ಮ ಕಾಗದವಿಲ್ಲ. ಅವ್ವನಿಗೆ ಗೊತ್ತಾಗಿಬಿಟ್ಟಿತೇ? ಗೊತ್ತಾಗಿ ಬೈಯುತ್ತಿದ್ದರೆ ಬೈಯಲಿ ಬಿಡಿ, ನಾನಂತೂ 26ಕ್ಕೆ ರೇವಿನಲ್ಲಿರುತ್ತೇನೆ. ಹೊಸ್ತಿಲು ತುಳಿಯಬೇಡ ಅಂದದ್ದು ತಾನೆ, ಹಡಗಿಗೆ ಹೊಸ್ತಿಲಿಲ್ಲ ಎಂದು ನೀವು ಬರೆದದ್ದನ್ನು ಇವರಿಗೆ ಓದಿ ಹೇಳಿದೆ, ಬಹಳ ನಕ್ಕರು. ನನಗೆ ಅಳು ಬಂತು. ಒಂದು ದಿನ ಒಂದು ರಾತ್ರಿ ಅವ್ವ ಎದ್ದುಹೋಗುವ ಹಾಗಿಲ್ಲ, ಸುತ್ತ ನೀರು! ನಿಮಗೆ ಖಾರ ಮಂಡಕ್ಕಿ ಮಾಡಿ ತರುತ್ತೇನೆ. ಇಲ್ಲಿಯ ಮಂಡಕ್ಕಿಗೆ ದಾವಣಗೆರೆಯ ರುಚಿಯಿಲ್ಲ, ಬೈಯಬೇಡಿ. ಆರೋಗ್ಯದ ಬಗ್ಗೆ ಒಂದೆರಡು ಸಾಲಾದರೂ ಬರೆಯಿರಿ. — ರಾಜಿ.’

ಬರೆದ ತಾರೀಖು ಸೆಪ್ಟೆಂಬರ್ 24. ಅಷ್ಟರಲ್ಲಿ ಅವರನ್ನು ಮಣ್ಣು ಮಾಡಿ ಇಪ್ಪತ್ತೆರಡು ದಿನವಾಗಿತ್ತು.

10 ಅಕ್ಟೋಬರ್

ನಿದ್ದೆ ಇಲ್ಲ. ಬರೆದುಬಿಡುತ್ತೇನೆ.

ಅವರು ಹೋದ ಮಾರನೆಯ ದಿನ ಮೈದುನನ ಮಗ ಚನ್ನವೀರಪ್ಪ ಕಾರ್ಡು ಹಿಡಿದು ಕೂತಿದ್ದ, ಊರಿನವರಿಗೆ, ನೆಂಟರಿಗೆಲ್ಲ ಸಾವಿನ ಸುದ್ದಿ ಬರೆಯಲು. ಮೆತ್ತಗೆ ಕೇಳಿದ — “ದೊಡ್ಡವ್ವ, ರಾಜಕ್ಕನ ಅಡ್ರೆಸ್ಸು ಅವಳ ಫ್ರೆಂಡ್ಸ್ ಹತ್ರ ಸಿಗತ್ತೆ. ಒಂದು ಕಾರ್ಡ್ ಹಾಕ್ಲಾ?”

“ಸತ್ತೋರಿಗೆ ಯಾರೂ ಕಾಗದ ಬರೆಯಲ್ಲ” ಅಂದೆ. ಮನೆ ತುಂಬ ಜನ. ಎಲ್ಲರಿಗೂ ಕೇಳಿಸುವ ಹಾಗೆಯೇ ಅಂದೆ. ಅವರ ದೇಹ ಎತ್ತಿ ಆಗ ಒಂದು ದಿನವೂ ಆಗಿರಲಿಲ್ಲ.

ತಂದೆಯ ಮುಖ ಕೊನೆಯ ಸಲ ನೋಡುವುದನ್ನು ತಪ್ಪಿಸಿದೆ ಅಂತಲ್ಲ, ಬೊಂಬಾಯಿಂದ ಅವಳು ಹೇಗೂ ಮುಟ್ಟುತ್ತಿರಲಿಲ್ಲ. ಆದರೆ ಅಳುವುದನ್ನು ತಪ್ಪಿಸಿದೆ. ಅವಳು ಅಲ್ಲಿ ನಗುತ್ತಾ ಮಂಡಕ್ಕಿಯ ಲೆಕ್ಕ ಹಾಕುತ್ತಿದ್ದಾಳೆ.

18 ಅಕ್ಟೋಬರ್

ಈಗ ವಿಳಾಸ ಇದೆ. ಕಾರ್ಡು ತಂದೆ, ಆರು. ‘ಚಿ. ಸೌ. ರಾಜಿಗೆ ಆಶೀರ್ವಾದಗಳು’ — ಹರಿದೆ. ಸಾವಿನ ಕಾಗದದಲ್ಲಿ ಆಶೀರ್ವಾದ ಬರೆಯುತ್ತಾರೆಯೇ. ‘ನಿನ್ನ ತಂದೆಯವರು ಸೆಪ್ಟೆಂಬರ್ 2ರಂದು’ — ತಾರೀಖು ಬರೆದ ಕೂಡಲೇ ಮುಂದಿನ ಪ್ರಶ್ನೆ ಎದ್ದು ನಿಲ್ಲುತ್ತದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅವ್ವ? ಅದಕ್ಕೆ ಉತ್ತರ ಬರೆಯುವ ಧೈರ್ಯ ಇಲ್ಲ. ಮೂವತ್ತು ವರ್ಷದಿಂದ ಮಕ್ಕಳಿಗೆ ಪತ್ರಲೇಖನ ಕಲಿಸುತ್ತಿರುವವಳು ನಾನು.

ಐದು ಕಾರ್ಡು ಹಾಳಾಯಿತು. ಆರನೆಯದು ಖಾಲಿ ಇಟ್ಟಿದ್ದೇನೆ.

11 ನವೆಂಬರ್, ದೀಪಾವಳಿ

ಹಬ್ಬ ಮಾಡಲಿಲ್ಲ. ಚನ್ನವೀರಪ್ಪ ಹೆಂಡತಿಯ ಜೊತೆ ಬಂದು ಅಡುಗೆ ಇಟ್ಟುಹೋದ. ಎಲ್ಲ ಹೇಳಿದೆ.

“ನಾಳೆ ಬೆಳಿಗ್ಗೆ ತಂತಿ ಕೊಡ್ತೀನಿ ದೊಡ್ಡವ್ವ. ನೀವೇನೂ ಬರೀಬೇಡಿ, ನಾನ್ ನೋಡ್ಕೋತೀನಿ.”

“ಬೇಡ. ಮೂರು ಪದದಲ್ಲಿ ಹೇಳೋ ವಿಷಯ ಅಲ್ಲ ಅದು.”

“ಮತ್ತೆ?”

“ನಾನೇ ಹೋಗಿ ಹೇಳ್ತೀನಿ.”

“ಹಡಗಿನಲ್ಲೇನಾ? ಅವಳು ದೊಡ್ಡಪ್ಪಾಜಿನ ನೋಡೋಕೆ ಅಂತ ಬಂದಿರ್ತಾಳೆ. ಅಲ್ಲಿ, ಅಷ್ಟು ಜನದ ಮಧ್ಯೆ... ಸ್ವಲ್ಪ ಯೋಚನೆ ಮಾಡಿ.”

ಅವನು ಹೇಳಿದ್ದೇ ಸರಿ. ನನಗೂ ಗೊತ್ತು. ಆದರೆ ತಂತಿ ಕೊಟ್ಟರೆ ಅವಳು ಹಡಗಿಗೆ ಬರುವುದಿಲ್ಲ. ಬರದಿದ್ದರೆ ಇನ್ನು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ಇದೇ ನಿಜ. ಅವಳ ದುಃಖಕ್ಕಿಂತ ನನ್ನ ಆಸೆ ಮುಂದೆ ಬಂದು ಕೂತಿದೆ. ಇದನ್ನು ಚನ್ನವೀರಪ್ಪನಿಗೆ ಹೇಳಲಿಲ್ಲ.

21 ನವೆಂಬರ್, ಸೋಮವಾರ

ರೇಡಿಯೋದಲ್ಲಿ ಆಂಧ್ರದ ಸುದ್ದಿ. ಚಂಡಮಾರುತ. ಊರಿಗೆ ಊರೇ ಕೊಚ್ಚಿಹೋಗಿವೆಯಂತೆ, ಸಾವಿರಾರು ಜನ. ಪಕ್ಕದ ಮನೆ ವತ್ಸಲಾ ಓಡಿ ಬಂದಳು.

“ನೀಲಮ್ಮನೋರೇ, ಈಗ ಸಮುದ್ರದ ಸಹವಾಸ ಬೇಡ ಕಣ್ರೀ. ಅಲ್ದೆ ಇನ್ನೂ ವರ್ಷ ತುಂಬಿಲ್ಲ. ಟೂರ್ ಹೋದ್ರು ಅಂತ ನಾಲ್ಕು ಜನ ಆಡ್ಕೊಳಲ್ವಾ?”

ಆಡಿಕೊಳ್ಳುವವರ ಬಾಯಿಗೆ ಹೆದರಿಯೇ ಏಳು ವರ್ಷ ಕಳೆದೆ ಅನ್ನಬೇಕೆಂದಿದ್ದೆ. “ದುಡ್ಡು ಕಟ್ಟಿಬಿಟ್ಟಿದಾರಲ್ಲ ವತ್ಸಲಾ” ಅಂದೆ.

ಅವಳು ಹೋದ ಮೇಲೆ ರಸ್ತೆಯ ಕೊನೆಯ ಅಂಗಡಿಯಿಂದ ವೆಂಕಟಗಿರಿಗೆ ಫೋನ್ ಮಾಡಿದೆ. ಹಡಗು ನಿಲ್ಲುತ್ತದೆಯೇ ಅಂತ ಕೇಳಿದೆ. “ಅದು ಆ ಕಡೆ ಸಮುದ್ರ ಮೇಡಂ, ನಮ್ದು ಈ ಕಡೆ. ಏನೂ ಯೋಚನೆ ಮಾಡ್ಬೇಡಿ, ಹೊರಟೇ ಹೊರಡತ್ತೆ” ಅಂದರು.

ನಿಲ್ಲಲಿ ಎಂದು ಆಸೆಪಟ್ಟಿದ್ದೆ. ಅಷ್ಟು ಜನ ಸತ್ತ ಸುದ್ದಿಯಲ್ಲಿ ನನ್ನ ಅನುಕೂಲ ಹುಡುಕಿದೆ. ನಾಚಿಕೆಯಾಯಿತು. ರಾತ್ರಿ ಊಟ ಬಿಟ್ಟೆ.

24 ನವೆಂಬರ್, ರೈಲಿನಲ್ಲಿ

ಹದಿನೆಂಟು ಜನರ ಗುಂಪು. ವೆಂಕಟಗಿರಿ ಜೊತೆಗೇ ಬಂದಿದ್ದಾರೆ. ಯಾರೋ ಅಂತ್ಯಾಕ್ಷರಿ ಶುರುಮಾಡಿದ್ದಾರೆ. ನಾನು ಕಿಟಕಿಯ ಪಕ್ಕ.

ಸ್ಟೇಷನ್ನಿನಲ್ಲಿ ವೆಂಕಟಗಿರಿ ಪಕ್ಕಕ್ಕೆ ಕರೆದು ಕೇಳಿದರು — “ಮೇಡಂ, ತಪ್ಪು ತಿಳೀಬೇಡಿ. ಸಾರ್ ಕುರ್ಚಿ ಒಬ್ರು ಕೇಳ್ತಿದಾರೆ. ಕೊಟ್ರೆ ಅದರ ದುಡ್ಡಾದ್ರೂ ನಿಮಗೆ ಬರತ್ತೆ.”

ಬೇಡ ಅಂದೆ. ಕಟ್ಟಿದ ದುಡ್ಡು ದಂಡ ಮಾಡುವವಳಲ್ಲ ಅಂತ ಅವರು ಹೇಳಿದ್ದರಲ್ಲ, ಇದೊಂದು ದಂಡವಾಗಲಿ.

ರಾಜಿ ಐದನೇ ಕ್ಲಾಸಿನಲ್ಲಿದ್ದಾಗ ಭೂಗೋಳದ ಪುಸ್ತಕದ ಹಡಗು ನೋಡಿ ಹಟ ಹಿಡಿದಿದ್ದಳು. ಅವರು ತೋರಿಸ್ತೀನಿ ಅಂದಿದ್ದರು. ನಾನು, ಕ್ಲಾಸಿಗೆ ಮೊದಲನೆಯವಳಾಗಿ ಬಾ, ಆಮೇಲೆ ನೋಡೋಣ ಅಂದೆ. ಬಂದಳು. ಹೋಗಲಿಲ್ಲ. ನಾನು ಮರೆತೇಬಿಟ್ಟಿದ್ದೆ. ಅವರು ಮರೆತಿರಲಿಲ್ಲ.

ಚೀಲದಲ್ಲಿ ಆ ಆರನೆಯ ಕಾರ್ಡು ಇದೆ. ಅವರ ಶಾಲೂ ಇದೆ, ಕಂದು ಬಣ್ಣದ್ದು. ಯಾಕೆ ತಂದೆನೋ.

26 ನವೆಂಬರ್, ಬೆಳಿಗ್ಗೆ 9

ರೇವು. ಮೀನಿನ ವಾಸನೆಗೆ ತಲೆ ಸುತ್ತಿತು. ಕೆಳಗಿನ ಡೆಕ್ಕಿನವರು ಜಾಗ ಹಿಡಿಯಲು ಹಾಸಿಗೆ ಸುತ್ತಿಕೊಂಡು ಓಡುತ್ತಿದ್ದಾರೆ. ನಮಗೆ ಆ ಅವಸರವಿಲ್ಲ, ಮೊದಲೇ ಕಟ್ಟಿದವರು. ಕ್ಯಾನ್ವಾಸಿನ ಮೂರು ಕುರ್ಚಿ, ಸಾಲಾಗಿ, ಬೆನ್ನಿಗೆ ಸುಣ್ಣದಲ್ಲಿ ನಂಬರು. ಕಂಬಿಯ ಕೆಳಗೆ ರೇವಿನಲ್ಲಿ ಹತ್ತುವವರ ಸಾಲು, ಅದರಾಚೆ ಬರೀ ನೀರು. ಇಷ್ಟು ನೀರನ್ನು ನೋಡಿಯೇ ಇರಲಿಲ್ಲ. ಅವರೂ ನೋಡಿರಲಿಲ್ಲ.

41ರಲ್ಲಿ ನಾನು. ನಡುವಿನದರ ಮೇಲೆ ಶಾಲು ಹಾಸಿದೆ.

ಹೆಂಗಸೊಬ್ಬಳು ಬಂದು ಅದು ಖಾಲಿಯೇ ಅಂತ ಹಿಂದಿಯಲ್ಲಿ ಕೇಳಿದಳು. ಇಲ್ಲ, ನಮ್ಮವರು ಬರ್ತಾರೆ ಅಂದೆ. ಸಲೀಸಾಗಿ ಬಂತು ಬಾಯಿಗೆ. ಲಂಗದ ಅಂಚಿನಲ್ಲಿ ಚೀಟಿ ಹೊಲಿದುಕೊಂಡಿದ್ದ ಹುಡುಗಿಗೆ ಇದಕ್ಕೇ ಹೊಡೆದೆ.

9.35

ಹತ್ತಕ್ಕೆ ಹೊರಡುತ್ತದೆ. ಇನ್ನೂ ಕಾಣಿಸಲಿಲ್ಲ. ಬರದಿರಲಿ. ಬರಲಿ.

9.40

ಸಾಲಿನಲ್ಲಿದ್ದಾಳೆ. ಹೌದು, ಅವಳೇ. ದಪ್ಪಗಾಗಿದ್ದಾಳೆ. ಕನ್ನಡಕ ಬಂದಿದೆ — ಥೇಟ್ ಅವರ ಹಾಗೆ ಮೂಗಿನ ಕೆಳಕ್ಕೆ ಇಳಿಸಿಕೊಂಡಿದ್ದಾಳೆ. ಒಬ್ಬಳೇ. ಎಡಗೈಯಲ್ಲಿ ದೊಡ್ಡ ತಗಡಿನ ಡಬ್ಬ, ಎದೆಗೆ ಒತ್ತಿಕೊಂಡು.

ತಲೆ ಎತ್ತಿ ಕಂಬಿಯ ಉದ್ದಕ್ಕೂ ಹುಡುಕುತ್ತಿದ್ದಾಳೆ. ನನ್ನನ್ನಲ್ಲ.

ಅವಳ ಕಣ್ಣಿಗೆ ನಾನು ಬಿದ್ದೆ. ನಿಂತುಬಿಟ್ಟಳು. ಹಿಂದಿನವರು ತಳ್ಳುತ್ತಿದ್ದಾರೆ. ಕೈ ಎತ್ತಬೇಕೋ ಬೇಡವೋ ಗೊತ್ತಾಗದೆ ಡಬ್ಬವನ್ನೇ ಸ್ವಲ್ಪ ಮೇಲೆತ್ತಿದಳು. ಪಕ್ಕದ ಕುರ್ಚಿ ನೋಡಿದಳು. ಶಾಲಿನ ಗುರುತು ಸಿಕ್ಕಿತು. ನಕ್ಕಳು. ಎಲ್ಲೋ ಹೋಗಿದ್ದಾರೆ, ಈಗ ಬರುತ್ತಾರೆ ಅಂದುಕೊಂಡಳು.

ಆ ಶಾಲು ಯಾಕೆ ಹಾಸಿದೆ ನಾನು?

ಮೆಟ್ಟಿಲು ಹತ್ತುತ್ತಿದ್ದಾಳೆ. ಇಷ್ಟು ದೂರಕ್ಕೆ ನನ್ನ ಹಣೆ ಕಂಡಿಲ್ಲ. ಬಳೆಯಿಲ್ಲದ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳಬೇಕು, ಅವಳು ಕಣ್ಣಿನಿಂದ ತಿಳಿಯಬಾರದು, ನನ್ನ ಬಾಯಿಂದ ಕೇಳಬೇಕು, ಅಷ್ಟಾದರೂ... ಪೆನ್ನು ಮುಚ್ಚಬೇಕು. ಎದ್ದು ನಿಲ್ಲಬೇಕು. ಮೊದಲು ಏನನ್ನುವುದು? ಬಾ ಅನ್ನಲೇ. ರಾಜಿ, ನಿಮ್ಮ ಅಪ್ಪಾಜಿ —