ಆಮೆಗೆ ಇನ್ನೊಂದು ಪದ

ಜೂನ್ 18
ಬೆಳಿಗ್ಗೆ ಮತ್ತೆ ಹನ್ನೊಂದು ಪದ. ಅತ್ತೆ ಹೇಳುತ್ತಾರೆ, ನಾನು ಕಾರ್ಡಿಗೆ ಬರೆಯುತ್ತೇನೆ. ಮಳೆಗೆ ಮುಂಚೆ ದನಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲುವುದಕ್ಕೆ ಇವರ ಭಾಷೆಯಲ್ಲಿ ಒಂದೇ ಪದ. ಕರೆಯದೆ ಬಂದು, ಊಟ ಮುಗಿಯುವ ತನಕ ಏಳದವನಿಗೂ ಒಂದು. ಆಮೆ — ತಾಕಿಮ್. ಶಾಲೆಯ ಪದಪುಸ್ತಕ ಆಗಸ್ಟಿನಲ್ಲಿ ಅಚ್ಚಿಗೆ ಹೋಗಬೇಕು.

ನನ್ನ ಗಂಡ ಸೆಲ್ಸೊ ದನದ ಫಾರ್ಮಿಗೆ ಕೆಲಸಕ್ಕೆ ಹೋಗಿ ನಾಲ್ಕು ತಿಂಗಳು. ಫೋನ್ ಎರಡೇ ಸಲ. ಅಲ್ಲಿ ಅಡುಗೆಯವಳೊಬ್ಬಳಿದ್ದಾಳೆ, ಚೆನ್ನಾಗಿ ನಗುತ್ತಾಳೆ ಎಂದಿದ್ದ. ನನಗೇಕೆ ಹೇಳಿದ? ಮಗನ ವಿಷಯ ಅತ್ತೆಗೆ ಗೊತ್ತಿರಲೇಬೇಕು. ಕೇಳಿದೆ.

"ಗಂಡನ್ನ ಕಟ್ಟಿಹಾಕೋಕೆ ನಿನ್ನ ಸ್ಪ್ಯಾನಿಷ್‌ನಲ್ಲಿ ಪದ ಇಲ್ವಾ, ಟೀಚರಮ್ಮ?"

ಜುಲೈ 9
ಅಂಗಳದಲ್ಲಿ ಬೈಕಿನ ಗುರುತು. ಫಾರ್ಮಿನ ಆಳೊಬ್ಬ ಬಂದು ಹೋದನಂತೆ. ತಣ್ಣನೆಯ ತೆರೆರೆ ಚಹಾ ಕುಡಿದ ಕೊಂಬಿನ ಲೋಟ ಇನ್ನೂ ತಣ್ಣಗಿತ್ತು.

"ಏನಂದ?"

"ದನದ ಮಾತು."

ದನದ ಮಾತಿಗೆ ಅರವತ್ತು ಕಿಲೋಮೀಟರ್ ಬರುತ್ತಾರೆಯೇ? ಕಾಗದ ತಂದಿದ್ದಾನೆ. ಬಚ್ಚಿಟ್ಟಿದ್ದಾರೆ.

ಜುಲೈ 11
ಅತ್ತೆ ಕೂದಲನ್ನು ಬುಡಕ್ಕೆ ಕತ್ತರಿಸಿಕೊಂಡಿದ್ದಾರೆ. ಹೇನು ಎಂದರು. ಹೊರಗೆ ಹೋದಾಗ ಅವರ ಪೆಟ್ಟಿಗೆ ಹುಡುಕಿದೆ. ಕಾಗದವಿಲ್ಲ. ನಾಚಿಕೆಯೂ ಆಗಲಿಲ್ಲ.

ಜುಲೈ 22
ಕರಡು ತಿದ್ದಲು ಕೂತೆವು. ಆಮೆ ಎಂದೆ. ಅತ್ತೆ ಬೇರೆಯದೇ ಹೇಳಿದರು — ಉದ್ದ ಪದ, "ಮನೆ ಹೊತ್ತವನು" ಎಂದು ಅರ್ಥ. "ಜೂನ್‌ನಲ್ಲಿ ತಾಕಿಮ್ ಅಂದಿದ್ರಿ" ಎಂದು ಕಾರ್ಡ್ ತೋರಿಸಿದೆ. ಎದ್ದು ಹೋದರು.

ಇನ್ನೆಷ್ಟು ಪದ ಹೀಗೆ ಹುಟ್ಟಿಸಿ ಬರೆಸಿದ್ದಾರೋ! ಮಗನ ವಿಷಯದಲ್ಲಿ ಸುಳ್ಳು, ಇದರಲ್ಲೂ ಸುಳ್ಳು. ಪರವೂರ ಸೊಸೆ ತಾನೇ.

ಜುಲೈ 23
ತರಗತಿಯಲ್ಲಿ ಪರೀಕ್ಷಿಸಿದೆ. ಬೋರ್ಡಿನ ಮೇಲೆ ಆಮೆಯ ಚಿತ್ರ ಬರೆದೆ. ಇಪ್ಪತ್ತೆರಡು ಮಕ್ಕಳು, ಎಲ್ಲರದೂ ಹೊಸ ಪದ. ನಾನು ಹಳೆಯದನ್ನು ಗಟ್ಟಿಯಾಗಿ ಹೇಳಿದೆ. ಒಬ್ಬಳು ಕಿವಿ ಮುಚ್ಚಿಕೊಂಡಳು.

ಇಡೀ ಊರೇ ಸೇರಿಕೊಂಡಿದೆ…

ಜುಲೈ 24, ಮಧ್ಯಾಹ್ನ
ನೀರಿನ ತೊಟ್ಟಿಯ ಹತ್ತಿರ ಪಕ್ಕದ ಮನೆಯ ಬಾಸಿಲಿಯಾಳನ್ನು ತಡೆದೆ.

"ಎಲ್ಲ ಸೇರಿ ನನ್ನ ಆಟ ಆಡಿಸ್ತಿದ್ದೀರಾ? ತಾಕಿಮ್ ಅಂದ್ರೆ—"

"ಶ್! ಅನ್ನಬೇಡ ಕಣೇ."

"ಯಾಕೆ?"

"ಸತ್ತೋರ ಹೆಸರು ನಾವು ಎತ್ತಲ್ಲ. ಹೆಸರಲ್ಲಿರೋ ಪದಾನೂ ಬಿಟ್ಬಿಡ್ತೀವಿ. ಮುದುಕೀರು ಕೂತು ಬೇರೆ ಪದ ಮಾಡ್ತಾರೆ. ಇಷ್ಟೊಂದು ಪದ ಬರ್ಕೊಂಡೋಳು, ಇದು ಗೊತ್ತಿಲ್ವಾ? ಹೊಸ ಪದ ನಿನ್ನತ್ತೆ ಹೇಳಿದ್ರಲ್ಲ… ನಿಂಗೆ ತಿಳೀತು ಅಂದ್ಕೊಂಡ್ವಿ. ನಮ್ಮಲ್ಲಿ ತಿಳಿಸೋದೇ ಹಾಗೆ."

"ಯಾರದು ಆ ಹೆಸರು?"

ತುಟಿ ಚಾಚಿ ನಮ್ಮ ಮನೆಯ ಕಡೆ ತೋರಿಸಿದಳು.

ಸೆಲ್ಸೊ ಎಂಬುದು ಗುರುತಿನ ಚೀಟಿಯ ಹೆಸರು. ತಾಯಿ ಇಟ್ಟ ಹೆಸರೇನು ಎಂದು ಕೇಳಿದಾಗಲೆಲ್ಲ "ನೀನು ನಗ್ತೀಯ, ಬೇಡ" ಎನ್ನುತ್ತಿದ್ದ.

ಸಂಜೆ 5
ಖಚಿತವಾಗಿ ಗೊತ್ತಿರುವುದು ಇಷ್ಟೇ. ಆಳೊಬ್ಬ ಬಂದ. ಅವನ ಮಾತು ನಾನು ಕೇಳಿಲ್ಲ. ಹೆಣ ಇಲ್ಲಿ ಯಾರೂ ಕಂಡಿಲ್ಲ. ಫಾರ್ಮಿನವರು ಫೋನ್ ಎತ್ತುತ್ತಿಲ್ಲ. ಆಳು ತಪ್ಪು ತಿಳಿದಿರಬಹುದು. ಸುಳ್ಳೇ ಹೇಳಿರಬಹುದು — ಸೆಲ್ಸೊನೇ ಹೇಳಿಸಿರಬಹುದು, ನನ್ನಿಂದ ತಪ್ಪಿಸಿಕೊಳ್ಳಲು. ಹೌದು. ಅಡುಗೆಯವಳ ಮನೆಯಲ್ಲಿದ್ದಾನೆ. ಇರಲಿ. ಅವಳು ಬಸುರಿಯಾಗಿದ್ದರೂ ಇರಲಿ. ನಾಳೆ ಹಾಲಿನ ಲಾರಿಯಲ್ಲಿ ಹೋಗುತ್ತೇನೆ. ಜಗಳವಾಡುವುದಿಲ್ಲ. ಬಾಗಿಲು ತಟ್ಟುತ್ತೇನೆ, ಅವನೇ ಬಂದು ತೆಗೆದರೆ ಸಾಕು, ಅಂಗಿ ಕೂಡ ಹಾಕಿಕೊಳ್ಳದೆ—