ಅಂಗೈ ಕೆಳಗಾದರೆ ನಿಲ್ಲು

ಬಾಗಲಗುಂಟೆ, ಬೆಂಗಳೂರು
ಭಾನುವಾರ, 23 ಫೆಬ್ರುವರಿ 2025

ಪ್ರೀತಿಯ ಶೈಲಾ,

ಹೇಗಿದ್ದೀಯ? ಅವ್ವನ ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ಹಚ್ಚಿಸಿಕೊಳ್ಳಲು ಒಲ್ಲೆ ಅಂದರೆ ಬಿಡಬೇಡ, ಬೈದು ಹಚ್ಚು. ನಿನ್ನ ಬೈಗುಳಕ್ಕೆ ಹೆದರದವರು ನಮ್ಮ ಓಣಿಯಲ್ಲಿ ಯಾರಿದ್ದಾರೆ? ಮಗಳು ಸ್ಫೂರ್ತಿಯ ಕೆಮ್ಮು ನಿಂತಿತೇ? ನಾನೂ ಆರೋಗ್ಯವಾಗಿದ್ದೇನೆ ಎಂದು ಬರೆಯಲು ಹೊರಟೆ, ಕೈ ತಡೆಯಿತು. ಅದನ್ನು ಹೇಳುವುದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ರೇಗುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅಕ್ಷರ ಇಷ್ಟು ದಪ್ಪ ಯಾಕೆ ಎಂದು ನಗಬೇಡ. ಸಣ್ಣಗೆ ಬರೆದರೆ ನನಗೇ ಕಾಣುವುದಿಲ್ಲ.

ಹೌದು, ನೀನು ಹೇಳಿದ್ದೇ ನಿಜ. ಸಂಕ್ರಾಂತಿಗೆ ಬಂದಾಗ ಪಕ್ಕದ ಮನೆಯ ಬಸಕ್ಕನನ್ನು ನೀನೆಂದುಕೊಂಡು "ಶೈಲಾ, ಚಾ ಮಾಡ" ಎಂದು ಕೂಗಿದೆನಲ್ಲ, ಅವಳ ಸೀರೆ ಹಸಿರು ಎಂಬುದಷ್ಟೇ ಅವತ್ತು ನನಗೆ ಕಂಡದ್ದು. "ನಿಮ್ಮ ಕಣ್ಣಿಗೆ ಏನೋ ಆಗೇತ್ರೀ, ತೋರಸ್ಕೊಳ್ರಿ" ಎಂದೆ ನೀನು. ಬಸಕ್ಕ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿ ನಿನ್ನ ಮೇಲೆ ಹರಿಹಾಯ್ದೆ. ಅಷ್ಟರಲ್ಲಾಗಲೇ ಇಲ್ಲಿನ ಕನ್ನಡಕದ ಅಂಗಡಿಯವನು ನೋಡಿ, "ಇದು ಕನ್ನಡಕಕ್ಕೆ ಹೋಗಲ್ಲ ಸಾರ್, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಸ್ಪತ್ರೆಗೆ ಹೋಗಿ" ಎಂದು ಚೀಟಿ ಬರೆದುಕೊಟ್ಟಿದ್ದ. ಚೀಟಿಯನ್ನು ಬಸವಣ್ಣನ ಫೋಟೋದ ಹಿಂದೆ ಸಿಕ್ಕಿಸಿಟ್ಟೆ. ಕಾರ್ಖಾನೆಯ ಕಣ್ಣಿನ ಪರೀಕ್ಷೆಯಲ್ಲಿ ನನ್ನ ಮುಂದಿದ್ದವನು ಓದಿದ್ದನ್ನೇ ಕೇಳಿಸಿಕೊಂಡು ಬಾಯಿಪಾಠ ಒಪ್ಪಿಸಿ ಪಾಸಾದೆ. ಹೆದರಿಕೆ ಒಂದೇ: ತಿಳಿದರೆ ಕ್ರೇನಿನಿಂದ ಇಳಿಸಿಬಿಡುತ್ತಾರೆ. ಹತ್ತು ವರ್ಷ ನೆಲದ ಮೇಲೆ ಕಬ್ಬಿಣ ಹೊತ್ತು ಆ ಕ್ಯಾಬಿನ್ ಏರಿದವನು ನಾನು. "ನಮ್ಮವ್ರು ಕ್ರೇನ್ ನಡಸ್ತಾರ" ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗುತ್ತೀಯ. ನಿನ್ನನ್ನು ಗದರಿಸಿದರೂ, ಆ ಮಾತು ಕೇಳಲು ನನಗೂ ಹಿತವಾಗಿರುತ್ತಿತ್ತು.

ಇವತ್ತಿನದು ಹೇಳುತ್ತೇನೆ. ನಮ್ಮ ವೆಲ್ಡರ್ ಕೃಷ್ಣನಿಗೆ ಹಕ್ಕಿ ನೋಡುವ ಹುಚ್ಚು. ಎಲ್ಲೋ ಒಂದು ಹಳೇ ದುರ್ಬೀನು ಸಂಪಾದಿಸಿದ್ದಾನೆ, ಊಟದ ಬಿಡುವಿನಲ್ಲಿ ಪೀಣ್ಯದ ಕಾಗೆಗಳನ್ನೂ ಬಿಡುವುದಿಲ್ಲ. ಅವನ ಕಾಟ ತಡೆಯಲಾರದೆ ನಾನು ಮತ್ತು ಸಿದ್ರಾಮ ಬೆಳಗಿನ ಬಸ್ಸಿಗೆ ಅವನ ಜೊತೆ ರಂಗನತಿಟ್ಟಿಗೆ ಹೊರಟೆವು. ಸಿದ್ರಾಮ ಗೊತ್ತಲ್ಲ, ನಿನ್ನ ಕೈಯ ರೊಟ್ಟಿ ಹನ್ನೊಂದು ತಿಂದು ಇನ್ನೊಂದು ಕೇಳಿದ ಮುದ್ದೇಬಿಹಾಳದವನು. ನನ್ನ ಕ್ರೇನಿನ ಕೊಕ್ಕೆಗೆ ಕಬ್ಬಿಣ ಬಿಗಿದು, ಕೆಳಗೆ ನಿಂತು ಸನ್ನೆ ಮಾಡುವವನು ಅವನೇ. ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಎಲ್ಲಾ ಕೈಯಲ್ಲೇ. ಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿ ತೋಳು ಚಾಚಿದರೆ ನಿಲ್ಲು.

ಏನು ಜಾಗವದು ಶೈಲಾ! ಹೊಳೆಯ ನಡುವೆ ಅಲ್ಲಲ್ಲಿ ನಡುಗಡ್ಡೆ, ಬಂಡೆ, ಬಿದಿರು, ಗಿಡದ ತುಂಬ ಗೂಡು. ಕಣ್ಣಿಗೆ ದಕ್ಕದಿದ್ದರೂ ಕಿವಿಗೆ ದಕ್ಕಿತು. ಮರಿಗಳ ಕೂಗು, ಕೊಕ್ಕಿಗೆ ಕೊಕ್ಕು ಬಡಿಯುವ ಟಕಟಕ, ಹಸಿ ಮೀನಿನ ವಾಸನೆ. ದೋಣಿಯಲ್ಲಿ ಕೃಷ್ಣ "ಮಗಾ, ಆ ಕೊಕ್ಕು ನೋಡೋ, ಥೇಟ್ ಚಮಚ" ಎಂದು ಪಿಸುಗುಟ್ಟಿದರೆ ನಾನೂ "ಹೌದಲೇ" ಎನ್ನುತ್ತಿದ್ದೆ. ಕಂಡದ್ದು ಮಾತ್ರ ಗಿಡದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಬಿಳಿ ಬಿಳಿ. ಮಾತಾಡಬೇಡಿ, ಏಳಬೇಡಿ ಎಂದು ದೋಣಿಯವನು ಮೊದಲೇ ಹೇಳಿದ್ದರಿಂದ, ಮುಂದೆ ಕುಳಿತ ಸಿದ್ರಾಮ ನನಗೆ ಕ್ರೇನಿನ ಸನ್ನೆಯಲ್ಲೇ ಹಕ್ಕಿ ತೋರಿಸತೊಡಗಿದ. ಮೇಲೆ, ಕೆಳಗೆ, ಎಡಕ್ಕೆ. ನನಗೂ ಆಟವೆನಿಸಿತು. ಒಂದು ಬಂಡೆಯ ಹತ್ತಿರ ಅವನ ಕೈ ಅಲುಗಿತು. ಮೇಲೇಳು ಅನ್ನುತ್ತಿದ್ದಾನೆ ಎಂದುಕೊಂಡು ಎದ್ದು ನಿಂತೆ. ದೋಣಿ ವಾಲಿತು. ಬಂಡೆಯ ಮೇಲಿದ್ದ ಮೊಸಳೆ ದಡಕ್ಕನೆ ನೀರಿಗೆ ಬಿತ್ತು, ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು. "ಕೂತ್ಕೊಳ್ರೀ! ಬದುಕೋ ಆಸೆ ಇಲ್ವಾ?" ಎಂದು ದೋಣಿಯವನು ಅರಚಿದ. ಕೃಷ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿದ್ರಾಮನ ತೋಳು ಇನ್ನೂ ಚಾಚಿಯೇ ಇತ್ತು, ಅಂಗೈ ಕೆಳಗೆ. ಅಷ್ಟು ದೊಡ್ಡ ಮೊಸಳೆ ನನ್ನಿಂದ ಎರಡು ಮಾರು ದೂರದಲ್ಲಿ ಮಲಗಿತ್ತು, ನನಗೆ ಅದೂ ಬಂಡೆಯೇ ಆಗಿತ್ತು.

ನನಗೆ ನಗು ಬರಲಿಲ್ಲ. ಹದಿನೈದು ದಿನದ ಹಿಂದೆ ಕಬ್ಬಿಣದ ಹಾಳೆ ಇಳಿಸುವಾಗಲೂ ಅವನು ಹೀಗೇ ಅಂಗೈ ಚಾಚಿದ್ದ. ಕಾಣದೆ ಇಳಿಸುತ್ತಲೇ ಹೋದೆ. ಅವನು ಹಾರಿ ಹಿಂದೆ ಸರಿಯದಿದ್ದರೆ ಕಾಲು ಹೋಗುತ್ತಿತ್ತು. ನಾನು ಕೆಳಗಿಳಿದು ಬಂದು ಎಲ್ಲರೆದುರು, ನಿನ್ನ ಸನ್ನೆಯೇ ಸರಿ ಇರಲಿಲ್ಲ ಎಂದು ಅವನನ್ನೇ ಬೈದೆ. ಪುಣ್ಯಾತ್ಮ ನಂಬಿಬಿಟ್ಟ. ಇವತ್ತು ವಾಪಸು ಬರುವಾಗಲೂ ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, "ಮುತ್ತು, ಅವತ್ತ ನಂದ ತಪ್ಪಪಾ. ಇನ್ನ ಮ್ಯಾಲೆ ಕೈ ಚಲೋತ್ನ್ಯಾಗ ಚಾಚ್ತೀನಿ" ಎಂದ. ಶೈಲಾ, ನನಗೆ ಅಲ್ಲೇ ಇಳಿದು ಎಲ್ಲಾದರೂ ಓಡಿಹೋಗೋಣ ಎನಿಸಿತು. ನಾಚಿಕೆಯಾಯಿತು.

ನಾಳೆ ಬೆಳಿಗ್ಗೆ ನಾನು ಆ ಏಣಿ ಹತ್ತುವುದಿಲ್ಲ. ಸೂಪರ್‌ವೈಸರಿಗೂ ಹೇಳುತ್ತೇನೆ, ಸಿದ್ರಾಮನಿಗೂ ಹೇಳುತ್ತೇನೆ. ಎಲ್ಲರೆದುರು ಬೈದವನು ಎಲ್ಲರೆದುರೇ ಹೇಳಬೇಕು. ಮತ್ತೆ ಹೆಲ್ಪರ್ ಮಾಡುತ್ತಾರೋ ಏನೋ, ಮಾಡಲಿ. ಬಸಕ್ಕ ಕೇಳಿದರೆ ನಮ್ಮವರು ಕಬ್ಬಿಣ ಹೊರುತ್ತಾರೆ ಎಂದು ತಲೆ ಎತ್ತಿಯೇ ಹೇಳು. ಸಂಕ್ರಾಂತಿಯಲ್ಲಿ ಆಡಿದ ಮಾತಿಗೆ ತಪ್ಪಾಯಿತು. ಅವ್ವನಿಗೆ ನನ್ನ ಶರಣು ತಿಳಿಸು, ಸ್ಫೂರ್ತಿಯ ಕೆನ್ನೆಗೊಂದು ಮುತ್ತು ಕೊಡು, ನಿನ್ನ ಊಟದ ಕಡೆಯೂ ಸ್ವಲ್ಪ ಗಮನವಿರಲಿ.

ನಿನ್ನ,
ಮುತ್ತು

ತಾ.ಕ., ಸೋಮವಾರ ಸಂಜೆ, ಅವಸರದಲ್ಲಿ: ಚೀಟಿಯ ವಿಷಯವೂ ಸೇರಿ ಎಲ್ಲಾ ಹೇಳಿಬಿಟ್ಟೆ. ಕ್ಯಾಬಿನ್‌ನಲ್ಲಿ ಈಗ ಬೇರೆಯವನು. ಸಿದ್ರಾಮ ನನ್ನನ್ನೇ ನೋಡುತ್ತ, "ಆರು ವರ್ಷ ನಿನ್ನ ಕೊಕ್ಕಿ ಕೆಳಗ ನಿಂತೇನಿ. ಹೆದರಿಕಿ ಆಗಿದ್ದು ಇವತ್ತ" ಎಂದು ಹೊರಟೇ ಹೋದ. ಬಯ್ದಿದ್ದರೆ ಚೆನ್ನಾಗಿತ್ತು. ಮಧ್ಯಾಹ್ನ ಗೇಟಿನ ಹತ್ತಿರ ನಿಂತಿದ್ದೆ, ಅವನೇ ಅರ್ಧ ದಿನ ರಜೆ ಹಾಕಿ ಬಂದು, "ಚೀಟಿ ಎಲ್ಲೈತಿ? ನಡಿ" ಎಂದು ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದ. ಮಾರ್ಚ್ ಐದಕ್ಕೆ ಬಲಗಣ್ಣಿನ ಆಪರೇಷನ್. ಮನೆಯವರೊಬ್ಬರು ಜೊತೆಗಿರಬೇಕಂತೆ. ನೀನು ಬಾ. ಅವ್ವನನ್ನೂ ಸ್ಫೂರ್ತಿಯನ್ನೂ ಬಸಕ್ಕ ನೋಡಿಕೊಳ್ಳಲಿ, ನನ್ನನ್ನು ನೋಡಿ ನಕ್ಕ ಋಣ ತೀರಲಿ. ಭಾನುವಾರ ಬೆಳಿಗ್ಗೆ ಎಂಟನೇ ಮೈಲಿ ಸ್ಟಾಪಿನಲ್ಲಿ ಇರುತ್ತೇನೆ. ಬಸ್ಸಿಳಿದ ಮೇಲೆ ನೀನೇ ನನ್ನನ್ನು ಹುಡುಕಿ ಕೈ ಹಿಡಿ. ಹುಡುಕುವ ಕೆಲಸ ನನಗೆ ಬಿಟ್ಟರೆ, ಹಸಿರು ಸೀರೆಯ ಇನ್ಯಾರನ್ನೋ ಮನೆಗೆ ಕರೆದುಕೊಂಡು ಹೋದೇನು.